ಬಿರುಕು ಬಿಟ್ಟ ಮರದಿಂದ ಪಾನಪಾತ್ರೆ

ವರ್ಕ್‌ಶಾಪ್ ಲ್ಯಾಬ್‌ನಲ್ಲಿ ನಾವೆಲ್ಲ ಲೇತ್ ಮೇಲೆ ಎಂ.ಎಸ್. ರಾಡ್ ಟರ್ನಿಂಗ್ ಮಾಡಿದವರೇ. ಮರದ ಲೇತ್ ಕೂಡ ಅದೇ ತತ್ತ್ವದ್ದು. ಟೂಲ್‌ಪೋಸ್ಟ್ ಬದಲು ಉಳಿ ನಮ್ಮ ಕೈಯಲ್ಲೇ ಇರುತ್ತೆ. ಆದರೆ ಕಬ್ಬಿಣಕ್ಕೆ ನಾರಿಲ್ಲ, ಮರಕ್ಕಿದೆ. ಕಬ್ಬಿಣ ಒಣಗುವುದಿಲ್ಲ, ಮರ ಒಣಗುತ್ತದೆ. ಈ ಎರಡು ವ್ಯತ್ಯಾಸ ಅರ್ಥವಾದರೆ, ಸೌದೆಗೆ ಹೋಗಬೇಕಾದ ಸೀಳು ತುಂಡಿನಿಂದಲೂ ಕಾಲಿರುವ ಚಂದದ ಪಾನಪಾತ್ರೆಯೊಂದನ್ನು ಕಡೆಯಬಹುದು.

ಮರ ಯಾಕೆ ಸೀಳುತ್ತೆ?

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಜೀವಕೋಶಗಳ ಟೊಳ್ಳಿನಲ್ಲಿ ಮತ್ತು ಅವುಗಳ ಗೋಡೆಯಲ್ಲಿ. ಟೊಳ್ಳಿನ ನೀರು ಹೋದರೆ ಮರ ಹಗುರಾಗುತ್ತದೆ, ಅಷ್ಟೇ. ತೇವಾಂಶ ಸುಮಾರು 30%ಗಿಂತ ಕೆಳಗಿಳಿದು ಗೋಡೆಯ ನೀರೂ ಹೊರಟಾಗ ಮರ ಕುಗ್ಗುತ್ತದೆ. ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗಿದ್ದರೆ ತೊಂದರೆ ಇರಲಿಲ್ಲ. ಆದರೆ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗಿನ ಕುಗ್ಗುವಿಕೆಯ ಸುಮಾರು ಎರಡರಷ್ಟು. ಸುತ್ತಳತೆ ಹೆಚ್ಚು ಕಡಿಮೆಯಾಗುತ್ತೆ, ತ್ರಿಜ್ಯ ಅಷ್ಟು ಕಡಿಮೆಯಾಗಲ್ಲ. ಆ ಲೆಕ್ಕದ ವ್ಯತ್ಯಾಸವೇ ಹೊರಗೆ ಅಗಲವಾಗಿ, ತಿರುಳಿನ ಕಡೆಗೆ ಚೂಪಾಗಿ ಬೀಳುವ ಸೀಳು.

ಹಾಗಾಗಿ ಒಂದು ಮಾತು ನೆನಪಿರಲಿ: ರಾಳ ತುಂಬುವುದು ಸೀಳನ್ನು, ಸೀಳಿನ ಕಾರಣವನ್ನಲ್ಲ. ಅರ್ಧ ಒಣಗಿದ ಮರಕ್ಕೆ ರಾಳ ಸುರಿದರೆ ಮರ ಮತ್ತೆ ಕುಗ್ಗಿ, ರಾಳದ ಪಕ್ಕದಲ್ಲೇ ಹೊಸ ಗೆರೆ ಬಿಡುತ್ತದೆ. ತುಂಡನ್ನು ವಾರಕ್ಕೊಮ್ಮೆ ತೂಗಿ ಬರೆದಿಡಿ. ಕೆಲವು ವಾರ ತೂಕ ಬದಲಾಗದೆ ನಿಂತ ಮೇಲೆಯೇ ಮುಂದಿನ ಕೆಲಸ.

ರಾಳ ಸುರಿಯುವುದು

ಇಲ್ಲಿ ಬಳಸುವುದು ಎಪಾಕ್ಸಿ. ಮನೆಯಲ್ಲಿ ಎರಡು ಟ್ಯೂಬ್ ಬೆರೆಸಿ ಹಚ್ಚುವ ಅರಾಲ್ಡೈಟ್ ಇದೇ ಕುಟುಂಬದ್ದು. ಸೀಳಿನೊಳಗಿನ ಧೂಳು, ಸಡಿಲ ತೊಗಟೆ, ಮೆತ್ತಗಾದ ಮರ ಎಲ್ಲವನ್ನೂ ಕೆರೆದು ತೆಗೆಯಿರಿ. ರಾಳ ಧೂಳಿಗೆ ಅಂಟಿದರೆ ಮರಕ್ಕೆ ಅಂಟಿದಂತಲ್ಲ. ಮೊದಲು ಗೋಡೆಗಳಿಗೆ ತೆಳುವಾಗಿ ರಾಳ ಬಳಿದರೆ ಮರದ ರಂಧ್ರಗಳು ಮುಚ್ಚಿ, ಆಮೇಲೆ ಏಳುವ ಗುಳ್ಳೆ ಕಡಿಮೆಯಾಗುತ್ತದೆ. ಕೆಳಗೆ, ಪಕ್ಕದಲ್ಲಿ ಟೇಪ್ ಸುತ್ತಿ ಸೋರದಂತೆ ಮಾಡಿ.

ರಾಳ ಮತ್ತು ಹಾರ್ಡ್‌ನರ್ ಪ್ರಮಾಣ ತೂಕದ್ದೋ ಅಳತೆಯದ್ದೋ ಎಂದು ಡಬ್ಬಿಯ ಮೇಲೆ ನೋಡಿ. ಹಾರ್ಡ್‌ನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತೆ ಅನ್ನೋದು ತಪ್ಪು; ಪ್ರಮಾಣ ತಪ್ಪಿದರೆ ಅದು ಮೆತ್ತಗೇ ಉಳಿಯಬಹುದು. ಗಟ್ಟಿಯಾಗುವಾಗ ಶಾಖ ಹೊರಬರುತ್ತದೆ. ದಪ್ಪವಾಗಿ ಒಮ್ಮೆಲೇ ಸುರಿದರೆ ಆ ಶಾಖಕ್ಕೆ ಹೊರಹೋಗಲು ದಾರಿಯಿಲ್ಲದೆ ರಾಳವೇ ಬಿರಿಯಬಹುದು, ಹೊಗೆಯೂ ಏಳಬಹುದು. ಅಗಲ ಸೀಳಾದರೆ ಪದರ ಪದರವಾಗಿ ಸುರಿಯಿರಿ. ಗ್ಲೌಸ್ ಬೇಕೇ ಬೇಕು: ಹಾರ್ಡ್‌ನರ್ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಬರಬಹುದು.

ವೇಗದ ಲೆಕ್ಕ

ತುಂಡಿನ ವ್ಯಾಸ 100 ಮಿ.ಮೀ., ವೇಗ 1000 ಆರ್‌ಪಿಎಂ ಎಂದುಕೊಳ್ಳಿ. ಕೋನೀಯ ವೇಗ ಸೆಕೆಂಡಿಗೆ ಸುಮಾರು 105 ರೇಡಿಯನ್. ಅದರ ವರ್ಗವನ್ನು ತ್ರಿಜ್ಯ 0.05 ಮೀಟರ್‌ನಿಂದ ಗುಣಿಸಿದರೆ ಅಂಚಿನಲ್ಲಿ ವೇಗೋತ್ಕರ್ಷ ಸುಮಾರು 550 ಮೀ/ಸೆ², ಅಂದರೆ ಗುರುತ್ವದ 56 ಪಟ್ಟು. ಅಂಚಿನಲ್ಲಿರುವ 50 ಗ್ರಾಂನ ಸಡಿಲ ಚೂರನ್ನು ಹಿಡಿದಿಡಲು 2.8 ಕೆ.ಜಿ. ಭಾರದಷ್ಟು ಬಲ ಬೇಕು. ವೇಗ 2000 ಮಾಡಿದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು: 11 ಕೆ.ಜಿ. ದಾಟುತ್ತದೆ. ಅದಕ್ಕೇ ಒರಟು ತುಂಡು ದುಂಡಗಾಗುವವರೆಗೆ ಕಡಿಮೆ ವೇಗ, ಮುಖಪೂರ್ತಿ ಮುಚ್ಚುವ ಶೀಲ್ಡ್, ಮತ್ತು ಚೂರು ಹಾರುವ ನೇರಕ್ಕೆ ನಿಲ್ಲದಿರುವುದು. ಸೀಳು ತುಂಡನ್ನು ಪೂರ್ತಿ ಎರಡಾಗಿಸಿದ್ದರೆ ಲೇತ್‌ಗೆ ಹಾಕಲೇಬೇಡಿ.

ಯಾವುದು ಮೊದಲು?

ಪಾನಪಾತ್ರೆಗೆ ಮೂರು ಭಾಗ: ಬಟ್ಟಲು, ದಂಟು, ಪಾದ. ನಾರು ಲೇತ್‌ನ ಅಕ್ಷದ ಗುಂಟವೇ ಇರಬೇಕು. ದಂಟಿಗೆ ನಾರು ಅಡ್ಡ ಬಂದರೆ ಪೆನ್ಸಿಲ್‌ನಂತೆ ಮುರಿಯುತ್ತದೆ. ರಾಳದ ಭಾಗ ಬಟ್ಟಲಿನಲ್ಲಿ ಬರಲಿ, ದಂಟಿನಲ್ಲಿ ಬೇಡ.

ತುಂಡನ್ನು ದುಂಡಗೆ ಮಾಡಿ, ಪಾದದ ಕಡೆಯನ್ನು ಚಕ್‌ಗೆ ಹಿಡಿಸಿ. ಮೊದಲು ಬಟ್ಟಲಿನ ಒಳಭಾಗ ತೋಡಿ, ಆಮೇಲೆ ಅದರ ಹೊರಮೈ, ನಂತರ ದಂಟು, ಕೊನೆಗೆ ಪಾದ. ಈ ಕ್ರಮಕ್ಕೆ ಕಾರಣ ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕದಲ್ಲೇ ಇದೆ. ದುಂಡನೆಯ ಸಲಾಕೆ ಬಾಗುವಿಕೆಗೆ ಒಡ್ಡುವ ಪ್ರತಿರೋಧ ವ್ಯಾಸದ ನಾಲ್ಕನೇ ಘಾತಕ್ಕೆ ಅನುಪಾತದಲ್ಲಿರುತ್ತೆ. ದಂಟಿನ ವ್ಯಾಸ ಅರ್ಧವಾದರೆ ಅದು ಹದಿನಾರರಲ್ಲಿ ಒಂದು ಪಾಲು! ದಂಟು ತೆಳ್ಳಗಾದ ಮೇಲೆ ಬಟ್ಟಲಿಗೆ ಉಳಿ ತಾಗಿಸಿದರೆ ಇಡೀ ಪಾತ್ರೆ ನಡುಗುತ್ತದೆ. ದಂಟು ಕಡೆಯುವಾಗ ಬಟ್ಟಲಿನೊಳಗೆ ಬಟ್ಟೆ ಸುತ್ತಿದ ಮರದ ಗುಬುಟು ಇಟ್ಟು ಟೇಲ್‌ಸ್ಟಾಕ್‌ನಿಂದ ಮೆಲ್ಲಗೆ ಆಧಾರ ಕೊಡಿ. ಸ್ಯಾಂಡ್ ಪೇಪರ್ ಹಾಕುವಾಗ ಧೂಳಿಗೆ ಮಾಸ್ಕ್ ಇರಲಿ. ಒಂದೇ ಕಡೆ ಒತ್ತಬೇಡಿ, ಬಿಸಿಗೆ ರಾಳ ಮೆತ್ತಗಾಗುತ್ತದೆ.

ಚನ್ನಪಟ್ಟಣದ ಪಾಠ

ಬಿಸಿಗೆ ಮೆತ್ತಗಾಗುವ ಈ ಗುಣ ಚನ್ನಪಟ್ಟಣದ ಗೊಂಬೆ ಮಾಡುವವರಿಗೆ ಹಳೆಯ ಪರಿಚಯ. ಅವರು ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅರಗೂ ರಾಳವೇ, ಆದರೆ ಮತ್ತೆ ಬಿಸಿ ಮಾಡಿದರೆ ಕರಗುತ್ತದೆ. ಎಪಾಕ್ಸಿ ಒಮ್ಮೆ ಗಟ್ಟಿಯಾದರೆ ಕರಗದು, ಆದರೂ ಕೋಣೆಯ ತಾಪದಲ್ಲಿ ಗಟ್ಟಿಯಾಗುವ ಬಹಳಷ್ಟು ಎಪಾಕ್ಸಿಗಳು 50–60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಬಿಗಿ ಕಳೆದುಕೊಳ್ಳುತ್ತವೆ. ಫಿಲ್ಟರ್ ಕಾಫಿ ಅದಕ್ಕಿಂತ ಬಿಸಿ! ಹಾಗಾಗಿ ಇದರಲ್ಲಿ ಬಿಸಿ ಪಾನೀಯ ಬೇಡ. ಆಹಾರಕ್ಕೆ ಸೂಕ್ತ ಎಂದು ತಯಾರಕರು ಸ್ಪಷ್ಟವಾಗಿ ಹೇಳದ ರಾಳವಾದರೆ ತಣ್ಣನೆಯದೂ ಬೇಡ, ಶೋಕೇಸ್‌ನಲ್ಲಿ ಇಡಿ. ಮಾಡಬೇಕೆನಿಸಿದವರು ಇವತ್ತೇ ಒಂದು ಸೀಳು ತುಂಡು ಹುಡುಕಿ, ತೂಗಿ, ತಾರೀಖಿನ ಜೊತೆ ಬರೆದಿಡಿ. ಕೆಲಸ ಶುರುವಾಗುವುದು ಅಲ್ಲಿಂದಲೇ.