ಕಾಣೆಯಾದವರೂ ಕಾಯುವವರೂ

ಕನ್ನಡದ ‘ಕಾಣ್’ ಧಾತುವಿನ ನಿಷೇಧರೂಪ ‘ಕಾಣೆ’. ‘ನಾ ಕಾಣೆ’ ಎಂಬುದು ನೋಡುವವನ ಮಾತು. ‘ಅವನು ಕಾಣೆಯಾದನು’ ಎಂಬುದು ಮರೆಯಾದವನ ಸ್ಥಿತಿ. ಹೀಗೆ ಒಂದೇ ಶಬ್ದವು ಇಬ್ಬರ ಸಂಕಟವನ್ನು ಹೊತ್ತಿದೆ. ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ, ಹೊಸ್ತಿಲಲ್ಲಿ ದಾರಿ ಕಾಯುವವಳೊಬ್ಬಳು. ಆದುದರಿಂದ ಈ ವಿಷಯದಲ್ಲಿ ವಿಚಾರಿಸತಕ್ಕವು ಎರಡು: ಕಾಣೆಯಾಗದಂತೆ ವಹಿಸುವ ಎಚ್ಚರ, ಕಾಣೆಯಾದವರ ಮನೆಯವರಿಗೆ ನೀಡುವ ಆಸರೆ.

ಕಾಳಿ ನದಿಯ ಉತ್ತರಕ್ಕಿರುವ ಹಣಕೋಣದಂಥ ಊರುಗಳಿಗೆ ಈ ವಿಚಾರ ದೂರದ್ದಲ್ಲ. ಒಂದೆಡೆ ಸಹ್ಯಾದ್ರಿಯ ಕಾಡು, ಒಂದೆಡೆ ಹೊಳೆ, ಸಮೀಪದಲ್ಲಿಯೇ ಕಡಲು. ಮಳೆಗಾಲದಲ್ಲಿ ಮಂಜು ಕವಿದರೆ ದಿನವೂ ಕಂಡ ಗುಡ್ಡವೂ ಗುರುತು ಸಿಗದು. ಮೊಣಕಾಲುದ್ದದ ಹಳ್ಳವು ನೋಡನೋಡುತ್ತಿರುವಂತೆಯೇ ಎದೆಯುದ್ದಕ್ಕೆ ಏರುವುದು.

ಎಚ್ಚರದ ಮೊದಲ ಪಾಠ ಮನೆಯಲ್ಲಿಯೇ ಆರಂಭವಾಗುತ್ತದೆ. ಎಲ್ಲಿಗೆ, ಯಾರೊಡನೆ, ಯಾವ ದಾರಿಯಿಂದ ಹೋಗುವುದು, ಎಷ್ಟು ಹೊತ್ತಿಗೆ ಮರಳುವುದು ಎಂಬುದನ್ನು ಹೇಳಿಯೇ ಹೊರಡತಕ್ಕದ್ದು. ಕುಡಿಯುವ ನೀರು, ಟಾರ್ಚು, ಬೆಂಕಿಪೊಟ್ಟಣ, ಒಂದು ಸೀಟಿ ಜೊತೆಯಲ್ಲಿರಲಿ. ದಾರಿ ತಪ್ಪಿತೆಂದು ತಿಳಿದೊಡನೆ ನಿಲ್ಲಬೇಕು. ಗಾಬರಿಯಿಂದ ಅಲೆದಷ್ಟೂ ಹುಡುಕುವವರ ಕ್ಷೇತ್ರ ಹಿರಿದಾಗುತ್ತದೆ. ಮೂರು ಸಲ ಸೀಟಿ ಊದಿ, ತುಸು ತಡೆದು ಮತ್ತೆ ಊದುವುದು ನೆರವು ಬೇಡುವ ಸಂಕೇತ. ಇರುವ ಜಾಗ ತಿಳಿದಿದ್ದರೆ ನೆರವು ಬೇಗ ಬರುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಾಗ, ಚಾಲಕನು ಜೀವಸಹಿತ ಪಾರಾದನು. ಸ್ಥಳೀಯ ಮೀನುಗಾರರೂ ಪೊಲೀಸರೂ ಒದಗಿದ್ದರು.

ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ಅದಕ್ಕೆ ಮೂರು ವಾರ ಮೊದಲು, ಜುಲೈ 16ರ ಬೆಳಿಗ್ಗೆ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಕುಸಿಯಿತು. ಚಹದಂಗಡಿಯನ್ನೂ ವಾಹನಗಳನ್ನೂ ಮಣ್ಣು ಗಂಗಾವಳಿ ನದಿಗೆ ನೂಕಿತು. ಎದುರು ದಡದ ಉಳುವರೆಯ ಮನೆಗಳಿಗೂ ನೀರು ಅಪ್ಪಳಿಸಿತು. ಕೇರಳದ ಚಾಲಕನೊಬ್ಬನ ಲಾರಿಯನ್ನು ಮೊದಲು ಹೆದ್ದಾರಿಯ ಮಣ್ಣಿನಲ್ಲಿ, ಬಳಿಕ ನದಿಯಲ್ಲಿ ಹುಡುಕಲಾಯಿತು. ಸೆಳವಿನ ಭರಕ್ಕೆ ಮುಳುಗುಗಾರರೂ ಸೋತರು. ಗೋವೆಯಿಂದ ಹೂಳೆತ್ತುವ ಯಂತ್ರ ಬಂದ ಮೇಲೆ, ಸೆಪ್ಟೆಂಬರ್ 25ರಂದು ಲಾರಿಯೂ ಅದರೊಳಗೆ ದೇಹವೂ ದೊರೆತವು. ಎಪ್ಪತ್ತೊಂದು ದಿನಗಳು ಕಳೆದಿದ್ದವು. ಇನ್ನಿಬ್ಬರು ಆ ದಿನವೂ ಸಿಕ್ಕಿರಲಿಲ್ಲ.

ಆ ಎಪ್ಪತ್ತೊಂದು ದಿನ ಮನೆಯವರು ಬದುಕಿದ್ದಾನೆನ್ನಲೂ ಆರರು, ಇಲ್ಲವೆನ್ನಲೂ ಆರರು. ಅಮೆರಿಕದ ವಿದುಷಿ ಪಾಲಿನ್ ಬಾಸ್ ಇಂಥ ದುಃಖವನ್ನು ಬೇರೆಯಾಗಿಯೇ ಗುರುತಿಸಿದ್ದಾರೆ. ಅದನ್ನು ‘ಅನಿಶ್ಚಿತ ವಿಯೋಗ’ ಎನ್ನಬಹುದು. ಸಾವಿಗೆ ಸಂಸ್ಕಾರವುಂಟು, ಸೂತಕಕ್ಕೆ ದಿನಗಳ ಎಣಿಕೆಯುಂಟು. ಕಾಣೆಯಾದವರ ಮನೆಗೆ ಇವೆರಡೂ ಇಲ್ಲ.

ನೆರೆಯವರ ಕರ್ತವ್ಯ ಇಲ್ಲಿಯೇ ಹುಟ್ಟುತ್ತದೆ. ಒಡನೆಯೇ ಠಾಣೆಗೆ ದೂರು ಕೊಡಿಸಬೇಕು, ಇಲ್ಲವೆ 112ಕ್ಕೆ ಕರೆ ಮಾಡಬೇಕು; ಒಂದು ದಿನ ಕಾಯಬೇಕೆಂಬ ನಿಯಮವಿಲ್ಲ. ಭಾವಚಿತ್ರವನ್ನೂ ತೊಟ್ಟ ಬಟ್ಟೆಯ ಗುರುತನ್ನೂ ಬರೆದು ಕೊಡಬೇಕು. ಶೋಧದ ವಾರ್ತೆಯನ್ನು ತಿಳಿದವರೊಬ್ಬರೇ ದಿನವೂ ಮನೆಗೆ ಮುಟ್ಟಿಸಲಿ. ಗಾಳಿಮಾತು ಹೊಸ್ತಿಲು ದಾಟದಿರಲಿ. ‘ಬಂದೇ ಬರುತ್ತಾನೆ’ ಎಂಬ ಹುಸಿಭರವಸೆಯೂ ‘ಇನ್ನು ಮರೆತುಬಿಡಿ’ ಎಂಬ ಬುದ್ಧಿವಾದವೂ ಸಮಾನವಾಗಿ ನೋಯಿಸುತ್ತವೆ. ಏಳು ವರ್ಷ ಸುದ್ದಿಯಿಲ್ಲದಿದ್ದವನು ಬದುಕಿದ್ದಾನೆಂದು ವಾದಿಸುವವನೇ ಅದನ್ನು ರುಜುವಾತುಪಡಿಸಬೇಕೆಂದು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೆಯ ಕಲಮು ಹೇಳುತ್ತದೆ. ಅಲ್ಲಿಯವರೆಗೆ ಬ್ಯಾಂಕು, ಜಮೀನು, ಮಕ್ಕಳ ಶಾಲೆ ಎಲ್ಲಕ್ಕೂ ಆ ಮನೆಗೆ ಕೈನೆರವು ಬೇಕು.

ಮೊದಲ ವಾರ ಅಂಗಳದ ತುಂಬ ಜನ. ಮೂರನೆಯ ತಿಂಗಳು ಅಂಗಳ ಬರಿದು. ಆ ಬರಿಯ ಅಂಗಳಕ್ಕೆ ಕಾಲಿಡುವವರೇ ನಿಜವಾದ ನೆಂಟರು. ವಿದ್ಯಾರ್ಥಿಗಳು ಕಾಡಿನ ದಾರಿಯನ್ನು ಕಲಿಯಲಿ. ಅದರೊಡನೆ ಆ ಮನೆಯ ದಾರಿಯನ್ನೂ ಮರೆಯದಿರಲಿ.