ಸ್ತನದಲ್ಲಿ ಗಂಟು: ಭಯವೂ ಬೇಡ, ಅಲಕ್ಷ್ಯವೂ ಬೇಡ

ಸ್ನಾನ ಮಾಡುವಾಗ ಗೃಹಿಣಿಯ ಕೈಗೆ ಸ್ತನದಲ್ಲಿ ಗಂಟೊಂದು ತಗಲುತ್ತದೆ. ಅದು ಅರ್ಬುದವೇ, ಅಂದರೆ ಕ್ಯಾನ್ಸರ್ ರೋಗವೇ ಎಂದು ಆಕೆ ಹೆದರುತ್ತಾಳೆ. ನಾಚಿಕೆಯಿಂದ ಪತಿಗೂ ತಿಳಿಸದೆ ತಿಂಗಳುಗಟ್ಟಲೆ ಮುಚ್ಚಿಡುತ್ತಾಳೆ. ವೈದ್ಯಾಧಿಕಾರಿಯಾಗಿ ಇಂತಹ ತಾಯಂದಿರನ್ನು ನಾನು ಕಂಡಿದ್ದೇನೆ. ಆದುದರಿಂದ ದಂಪತಿಗಳಾದ ನೀವಿಬ್ಬರೂ ಈ ಪಾಠವನ್ನು ಒಟ್ಟಿಗೆ ಓದಿರಿ.

ಸ್ತನದ ಗಂಟುಗಳಲ್ಲಿ ಹೆಚ್ಚಿನವು ಅರ್ಬುದವಲ್ಲ. ಸಾಮಾನ್ಯವಾಗಿ ಕಾಣುವ ನಿರಪಾಯಕರ ತೊಂದರೆಗಳು ಇವು:

1. ನಾರುಗಂಟು: 15ರಿಂದ 35 ವರ್ಷದವರಲ್ಲಿ ಹೆಚ್ಚು. ನುಣುಪಾಗಿದ್ದು, ನೋವಿಲ್ಲದೆ, ಒತ್ತಿದರೆ ಗೋಲಿಯಂತೆ ಜಾರುತ್ತದೆ.

2. ನೀರುಗುಳ್ಳೆ: 30ರಿಂದ 50 ವರ್ಷದವರಲ್ಲಿ ಹೆಚ್ಚು. ಮುಟ್ಟಿಗೆ ಮುಂಚೆ ಸ್ತನ ಭಾರವಾಗಿ ನೋಯುತ್ತದೆ. ಮುಟ್ಟಾದ ಮೇಲೆ ಶಮನವಾಗುತ್ತದೆ.

3. ಬಾವು: ಹಾಲೂಡಿಸುವ ತಾಯಂದಿರಲ್ಲಿ ಹೆಚ್ಚು. ಸ್ತನ ಕೆಂಪಾಗಿ ಜ್ವರ ಬರುತ್ತದೆ. ಚಿಕಿತ್ಸೆಯಿಂದ ಇಳಿಯದಿದ್ದರೆ ಪುನಃ ಪರೀಕ್ಷೆ ಆಗಲೇಬೇಕು.

ಇವು ಮುಂದೆ ಅರ್ಬುದಕ್ಕೆ ತಿರುಗುವುವೇ? ಸಾಮಾನ್ಯ ನಾರುಗಂಟು, ನೀರುಗುಳ್ಳೆ ಹಾಗೂ ಬಾವುಗಳಿಂದ ಆ ಅಪಾಯ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಆದರೆ ಗಂಟಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜೀವಕೋಶಗಳು ಅತಿಯಾಗಿ ಬೆಳೆದಿದ್ದರೆ ಅಪಾಯ ಒಂದೂವರೆಯಿಂದ ಎರಡು ಪಟ್ಟು ಆಗುತ್ತದೆ. ಅವುಗಳ ರೂಪವೂ ಕೆಟ್ಟಿದ್ದರೆ ಸುಮಾರು 4 ಪಟ್ಟು. ಅಮೆರಿಕದ ಡ್ಯುಪಾಂಟ್ ಮತ್ತು ಪೇಜ್ ಎಂಬ ವಿಜ್ಞಾನಿಗಳು 1985ರಲ್ಲಿ ಈ ಭೇದವನ್ನು ಸ್ಪಷ್ಟಪಡಿಸಿದರು. ಅಂಥವರಲ್ಲಿಯೂ ಬಹುಮಂದಿಗೆ ಅರ್ಬುದ ಬರುವುದಿಲ್ಲ. ಆದರೆ ಅವರು ತಪ್ಪದೆ ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಳ್ಳಬೇಕು.

ಗಂಟು ಯಾವ ಬಗೆಯದೆಂದು ಮನೆಯಲ್ಲಿ ನಿರ್ಧರಿಸಲಾಗದು. "ನೋವಿಲ್ಲ, ಆದುದರಿಂದ ಅಪಾಯವಿಲ್ಲ" ಎಂಬುದು ತಪ್ಪು. ಅರ್ಬುದದ ಗಂಟು ಆರಂಭದಲ್ಲಿ ಅನೇಕ ವೇಳೆ ನೋಯುವುದೇ ಇಲ್ಲ. ಗಂಟು ಗಟ್ಟಿಯಾಗಿ ಅಲುಗಾಡದಿದ್ದರೆ, ಚರ್ಮ ಕುಳಿಬಿದ್ದರೆ, ತೊಟ್ಟು ಹೊಸದಾಗಿ ಒಳಸರಿದರೆ, ತೊಟ್ಟಿನಿಂದ ರಕ್ತ ಬಂದರೆ ಅಥವಾ ಕಂಕುಳಲ್ಲಿ ಗಂಟು ಕಂಡರೆ ಒಂದು ದಿನವೂ ತಡಮಾಡಬಾರದು. ಸೊಪ್ಪಿನ ಲೇಪ, ಬರೆ ಹಾಕುವುದು ಇವುಗಳಿಂದ ಅಮೂಲ್ಯ ಕಾಲ ವ್ಯರ್ಥವಾಗುತ್ತದೆ.

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ವೈದ್ಯರು ಪರೀಕ್ಷಿಸಿ, ಅಗತ್ಯವಿದ್ದರೆ ಸ್ಕ್ಯಾನಿಂಗ್ ಮತ್ತು ಸೂಜಿ ಪರೀಕ್ಷೆಗೆ ದೊಡ್ಡ ಆಸ್ಪತ್ರೆಗೆ ಕಳುಹಿಸುವರು. ಸೂಜಿ ಚುಚ್ಚಿದರೆ ರೋಗ ಹರಡುತ್ತದೆಂಬ ಮಾತನ್ನು ನಂಬಬೇಡಿರಿ. 30 ವರ್ಷ ದಾಟಿದ ಮಹಿಳೆಯರು ಗಂಟು ಇಲ್ಲದಿದ್ದರೂ ಸರ್ಕಾರಿ ತಪಾಸಣೆಯ ಪ್ರಯೋಜನ ಪಡೆಯಬೇಕು.

ಪತಿಯಾದವನೇ, ಆಕೆಯೊಡನೆ ನೀನೂ ಹೋಗು. ಪರೀಕ್ಷೆಯ ವರದಿಯನ್ನು ಜಮೀನಿನ ಪತ್ರದಷ್ಟೇ ಜೋಪಾನವಾಗಿಡು. ಮುಂದಿನ ವೈದ್ಯರಿಗೆ ಅದೇ ದಾರಿದೀಪ. ಗಂಟು ನಿರಪಾಯಕರವಾದರೆ ಮನಸ್ಸಿಗೆ ನೆಮ್ಮದಿ. ಅರ್ಬುದವಾದರೆ ಬೇಗ ಕಂಡುಹಿಡಿದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು.