ವೀಸಾ ಸಿಗಲಿಲ್ಲ ಎಂದರೆ ಮೊದಲು ಕಾಗದ ಓದಿಸಿ



ಗುಬ್ಬಿ ಕಡೆಯ ಒಂದು ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ಒಂದು ಲಕ್ಷ ರೂಪಾಯಿ ಸಾಲ ಕೇಳಿದರು. ಅಳಿಯ ಅಮೆರಿಕದ ಪೌರ. ಮದುವೆಯಾಗಿ ಎರಡು ವರ್ಷ ಕಳೆದರೂ ಮಗಳು ತವರಿನಲ್ಲೇ ಇದ್ದಾಳೆ. "ವೀಸಾ ರಿಜೆಕ್ಟ್ ಆಯ್ತು ಸಿಸ್ಟರ್, ಇನ್ನೊಂದು ಲಕ್ಷ ಕೊಟ್ರೆ ಏಜೆಂಟು ಮಾಡಿಸ್ಕೊಡ್ತಾನಂತೆ" ಎಂದರು. ಯಾಕೆ ರಿಜೆಕ್ಟ್ ಆಯಿತಮ್ಮ ಎಂದರೆ ಉತ್ತರವಿಲ್ಲ. ಮುಂಬೈಯಲ್ಲಿ ಸಂದರ್ಶನದ ದಿನ ಕೊಟ್ಟ ಇಂಗ್ಲಿಷ್ ಕಾಗದ ಏಜೆಂಟನ ಫೈಲಿನಲ್ಲೇ ಉಳಿದಿತ್ತು. ಸಾಲದ ಮಾತು ಆಮೇಲೆ, ಮೊದಲು ಆ ಕಾಗದ ತನ್ನಿ ಎಂದೆವು.

ಅಮೆರಿಕದ ಕಾನೂನಿನಲ್ಲಿ ಮೊದಲು ಅರ್ಜಿ ಹಾಕಬೇಕಾದವನು ಗಂಡ. ಅದಕ್ಕೆ ಐ-130 ಎಂದು ಹೆಸರು. ಅದು ಒಪ್ಪಿಗೆಯಾದ ಮೇಲೆಯೇ ಹೆಂಡತಿಗೆ ಕಾನ್ಸುಲೇಟಿನಲ್ಲಿ ಸಂದರ್ಶನ. ಆದ್ದರಿಂದ ಕೆಲಸ ಎಲ್ಲಿ ನಿಂತಿದೆ ಎಂದು ತಿಳಿಯಬೇಕು. ಗಂಡನ ಅರ್ಜಿಯೇ ತಿರಸ್ಕೃತವಾಗಿದ್ದರೆ ಮೇಲ್ಮನವಿ ಹಾಕುವ ಹಕ್ಕು ಅವನಿಗೆ, ಹೆಂಡತಿಗಲ್ಲ. ಕಾಲಾವಕಾಶ ಸಾಮಾನ್ಯವಾಗಿ 30 ದಿನ. ಪತ್ರದಲ್ಲಿ ಬರೆದ ಗಡುವು ನೋಡಿಕೊಳ್ಳಿ. ತಪ್ಪು ತಿದ್ದಿ ಹೊಸ ಅರ್ಜಿಯನ್ನೂ ಹಾಕಬಹುದು.

ಕಾನ್ಸುಲೇಟಿನಲ್ಲಿ ನಿಂತಿದ್ದರೆ ಮೇಲ್ಮನವಿ ಇಲ್ಲ. 2024ರ ಜೂನ್‌ನಲ್ಲಿ ಮುನ್ಯೋಸ್ ಎಂಬ ಮಹಿಳೆಯ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ವಿದೇಶಿ ಸಂಗಾತಿಯನ್ನು ದೇಶದೊಳಗೆ ಕರೆತರುವುದು ಪೌರರ ಮೂಲಭೂತ ಹಕ್ಕಲ್ಲ ಎಂದು ಹೇಳಿತು. ಕೇಳಲು ಕಷ್ಟವೇ. ಆದರೆ ಕಾಗದದ ಮೇಲೆ 221(ಜಿ) ಎಂದಿದ್ದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ದಾಖಲೆ ಸಾಲದು ಎಂದು ಕೇಳಿದ್ದರೆ ಒಂದು ವರ್ಷದೊಳಗೆ ಅದನ್ನು ಒದಗಿಸಬಹುದು.

ಗುಬ್ಬಿಯ ಆ ಕಾಗದದಲ್ಲಿ ಇದ್ದದ್ದು ಇದೇ. ಅಳಿಯನ ವರಮಾನ ಸಾಲದು, ಜೊತೆ ಜಾಮೀನುದಾರರು ಬೇಕು ಎಂದು ಬರೆದಿತ್ತು. ಜಾಮೀನು ಅಂದ್ರೆ ಏನು ಅಂತ ಸಂಘದವರಿಗೆ ನಾವು ಹೇಳಿಕೊಡಬೇಕೇ! ಅಲ್ಲೇ ನೆಲೆಸಿರುವ ಅಳಿಯನ ಚಿಕ್ಕಪ್ಪ ಸಹಿ ಹಾಕಿದರು. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಸೇರಿಸಿ ಇನ್ನೊಂದು ಹೆಸರು ಇದ್ದುದಕ್ಕೆ ನೋಟರಿ ಬಳಿ ಅಫಿಡವಿಟ್ ಮಾಡಿಸಿದರು. ಸಂಘ ಕೊಟ್ಟದ್ದು ಓಡಾಟದ ಖರ್ಚಿಗೆ ಮೂರು ಸಾವಿರ ಮಾತ್ರ. ಕಾಗದ ಕಳಿಸಿ ಈಗ ಉತ್ತರಕ್ಕೆ ಕಾಯುತ್ತಿದ್ದಾರೆ.

ಮದುವೆ ನಿಜವೇ ಎಂಬ ಅನುಮಾನದಿಂದಲೂ ಅರ್ಜಿ ನಿಲ್ಲುತ್ತದೆ. ಜಾತಕ ನೋಡಿ, ಎರಡು ಸಲ ಮಾತಾಡಿ ಮದುವೆಯಾಯಿತು ಎಂದರೆ ನಮಗೆ ಸಹಜ, ಆ ಅಧಿಕಾರಿಗೆ ವಿಚಿತ್ರ. ಆದರೂ ಇದ್ದದ್ದನ್ನೇ ಹೇಳಲಿ. ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರ (ಛತ್ರದ ರಸೀದಿ ಅದಕ್ಕೆ ಸಮವಲ್ಲ), ಎರಡೂ ಮನೆಯವರಿರುವ ಫೋಟೋ, ಫೋನ್ ಮಾತುಕತೆಯ ದಾಖಲೆ, ಅವನು ಬಂದುಹೋದ ಟಿಕೆಟ್, ಹಣ ಕಳಿಸಿದ ಬ್ಯಾಂಕ್ ದಾಖಲೆ ಇವೆಲ್ಲ ಬೇಕಾಗುತ್ತವೆ. ಏಜೆಂಟ್ ಹುಟ್ಟಿಸಿದ ಸುಳ್ಳು ದಾಖಲೆ ಮಾತ್ರ ಬೇಡ. ಮೋಸ ಎಂದು ಒಮ್ಮೆ ಬರೆದುಕೊಂಡರೆ ಆ ಮಗು ಜೀವಮಾನವಿಡೀ ಅಮೆರಿಕದ ವೀಸಾ ಕಳೆದುಕೊಳ್ಳಬಹುದು. ಕಂತು ಕಟ್ಟುವವರು ನೀವು, ಏಜೆಂಟ್ ಅಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಕುಣಿಗಲ್ ಕಡೆಯ ಒಬ್ಬ ಹೆಣ್ಣುಮಗಳಿಗೆ ಗಂಡ ಮೂರು ವರ್ಷದಿಂದ "ರಿಜೆಕ್ಟ್ ಆಯ್ತು, ಮತ್ತೆ ಹಾಕಿದೀನಿ" ಎನ್ನುತ್ತಿದ್ದ. ಅರ್ಜಿ ಹಾಕಿದ್ದರೆ ರಸೀದಿ ಸಂಖ್ಯೆ ಇರುತ್ತದೆ. ಮೂರು ಇಂಗ್ಲಿಷ್ ಅಕ್ಷರ, ಹತ್ತು ಅಂಕಿ. ಅದನ್ನು ಹಾಕಿದರೆ ಅಮೆರಿಕದ ವಲಸೆ ಇಲಾಖೆಯ ವೆಬ್‌ಸೈಟಿನಲ್ಲಿ ಅರ್ಜಿಯ ಸ್ಥಿತಿ ಕಾಣುತ್ತದೆ. ನಂಬರ್ ಕೊಡಿ ಎಂದು ಅವಳು ಕೇಳಿದ ವಾರದಿಂದ ಅವನು ಫೋನ್ ಎತ್ತಲಿಲ್ಲ. ಅರ್ಜಿಯನ್ನೇ ಹಾಕಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅವಳು ಅತ್ತದ್ದು ಒಂದೇ ದಿನ, ಮರುದಿನ ನಮ್ಮ ಜೊತೆ ತುಮಕೂರಿಗೆ ಬಂದಳು.

ಇಂಥ ಸಂದರ್ಭಕ್ಕೆ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಭಾರತೀಯರ ಮದುವೆ ದೂರುಗಳಿಗೇ ಒಂದು ವಿಭಾಗವಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ವರಮಾನದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ; ಸಹಾಯವಾಣಿ 15100. ಹಣ ಪಡೆದು ಮೋಸ ಮಾಡಿದ ಏಜೆಂಟನ ಮೇಲೆ ದೂರು ಕೊಡುವುದಕ್ಕೂ ಅಲ್ಲಿಯೇ ಕೇಳಬಹುದು. ಹೋಗುವಾಗ ಮದುವೆ ನೋಂದಣಿ ಪತ್ರ, ಗಂಡನ ಪಾಸ್‌ಪೋರ್ಟಿನ ನಕಲು, ಅವನ ವಿಳಾಸ ಮತ್ತು ಹಣ ಕೊಟ್ಟ ರಸೀದಿ ಇಟ್ಟುಕೊಳ್ಳಿ. ಸಂಘದಿಂದ ಒಬ್ಬರು ಜೊತೆಗೆ ಹೋಗಿ.